ಬೆಂಗಳೂರಲ್ಲಿ ಬಾಲ್ ಹಾರುತ್ತೆ

ಚೆನ್ನೈನಿಂದ ಟೆನಿಸ್ ಆಡಲು ಬಂದವರು ಮೊದಲ ದಿನವೇ ಎತ್ತುವ ದೂರು ಇದು: "ಇಲ್ಲಿ ಬಾಲ್ ಹಾರುತ್ತೆ." ಅಲ್ಲಿ ಬೇಸ್‌ಲೈನಿನ, ಅಂದರೆ ಕೋರ್ಟಿನ ಕೊನೆಯ ಗೆರೆಯ, ಒಳಗೆ ಬೀಳುತ್ತಿದ್ದ ಅದೇ ಫೋರ್‌ಹ್ಯಾಂಡ್ ಇಲ್ಲಿ ಒಂದೆರಡು ಅಡಿ ಆಚೆ ಹೋಗಿ ಬೀಳುತ್ತದೆ. ಮೊದಲು ರಾಕೆಟ್ಟನ್ನು ಬೈಯುತ್ತಾರೆ, ಆಮೇಲೆ ಗಟ್ಟಿಂಗ್, ಅಂದರೆ ರಾಕೆಟ್ಟಿನ ತಂತಿ, ಬಿಗಿ ಮಾಡಿಸಲು ಹೊರಡುತ್ತಾರೆ, ಅಷ್ಟರಲ್ಲಿ ತೋಳು ತಾನಾಗಿಯೇ ಲೆಕ್ಕ ಸರಿಮಾಡಿಕೊಂಡಿರುತ್ತದೆ. ಇಲ್ಲೇ ಆಡಿ ಬೆಳೆದವರಿಗೆ ಈ ದೂರು ಅರ್ಥವೇ ಆಗುವುದಿಲ್ಲ. ಚೆಂಡು ಅಂದರೆ ಹಾರುವುದೇ ಹೀಗೆ ಅಂದುಕೊಂಡಿರುತ್ತೇವೆ. ಎಂದೋ ಒಮ್ಮೆ ಕಡಲ ಕಡೆ ಹೋಗಿ ಆಡಿದಾಗ "ಇದೇನಿದು, ಎಷ್ಟು ಹೊಡೆದ್ರೂ ನೆಟ್ ಹತ್ರಾನೇ ಬೀಳ್ತಿದೆ" ಅಂತ ತಡಕಾಡುವ ಸರದಿ ನಮ್ಮದು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ, ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ತೆಳು. ಉಸಿರಾಡುವವರಿಗೆ ಗೊತ್ತಾಗುವ ವ್ಯತ್ಯಾಸವಲ್ಲ. ಹವೆ ಚೆನ್ನಾಗಿದೆ ಅಂತ ರಿಟೈರಾದವರೆಲ್ಲ ಸೈಟು ಕೊಂಡು ಬಂದು ನೆಲೆಸಿದ ಊರು ಇದು. ಆ ಹವೆಯನ್ನು ಕೊಟ್ಟ ಎತ್ತರವೇ ಟೆನಿಸ್ ಕೋರ್ಟಿನಲ್ಲಿ ಯಾರ ಕಣ್ಣಿಗೂ ಬೀಳದೆ ಪಾಯಿಂಟು ಕೊಡುತ್ತಾ ಕಸಿಯುತ್ತಾ ಇರುತ್ತದೆ.

ಪಿಯುಸಿಯಲ್ಲಿ ಎಸೆದ ವಸ್ತುವಿನ ಲೆಕ್ಕ ಮಾಡಿಸುವಾಗ ಪ್ರಶ್ನೆಯ ಬಾಲಕ್ಕೆ ಒಂದು ಸಾಲು ಅಂಟಿಕೊಂಡಿರುತ್ತಿತ್ತು: ಗಾಳಿಯ ಪ್ರತಿರೋಧವನ್ನು ನಿರ್ಲಕ್ಷಿಸಿ. ಕಲ್ಲೆಸೆದರೆ ಅದು ನಡೆಯುತ್ತದೆ, ಟೆನಿಸ್ ಚೆಂಡಿಗೆ ನಡೆಯುವುದಿಲ್ಲ. ನಿಯಮದ ಪ್ರಕಾರ ಚೆಂಡಿನ ತೂಕ 56ರಿಂದ 59.4 ಗ್ರಾಂ, ಅಡ್ಡಳತೆ ಸುಮಾರು 6.7 ಸೆಂಟಿಮೀಟರ್. ಇಷ್ಟು ದಪ್ಪಕ್ಕೆ ಇಷ್ಟು ಹಗುರ, ಸಾಲದ್ದಕ್ಕೆ ಮೈತುಂಬ ಫೆಲ್ಟಿನ ಜುಂಗು. ಇದನ್ನು ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಗಾಳಿ ಹಿಂದಕ್ಕೆ ತಳ್ಳುವ ಬಲ ಚೆಂಡಿನ ತೂಕದ ನಾಲ್ಕೈದು ಪಟ್ಟು. ಸರ್ವ್ ಹೊರಟ ಆ ಗಳಿಗೆಯಲ್ಲಿ ಭೂಮಿ ಎಳೆಯುವುದಕ್ಕಿಂತ ಗಾಳಿ ತಡೆಯುವುದೇ ದೊಡ್ಡ ಸಂಗತಿ. ನಮ್ಮಂಥವರ 90 ಕಿಲೋಮೀಟರಿನ ಹೊಡೆತದಲ್ಲೂ ಗಾಳಿಯ ತಡೆ ಚೆಂಡಿನ ತೂಕವನ್ನು ಮೀರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಹಾಗಾಗಿ ಟಿವಿಯಲ್ಲಿ 200 ಅಂತ ತೋರಿಸುವ ಸರ್ವ್ ಎದುರಾಳಿಯ ಕಡೆಯ ನೆಲ ಮುಟ್ಟುವ ಹೊತ್ತಿಗೇ ಕಾಲು ಭಾಗದಷ್ಟು ವೇಗ ಕಳೆದುಕೊಂಡಿರುತ್ತದೆ. ಇಂಥ ಗಾಳಿಯಲ್ಲಿ ಹತ್ತರಲ್ಲೊಂದು ಪಾಲು ಇಲ್ಲ ಅಂದರೆ ಚೆಂಡು ಹಾರದೆ ಇನ್ನೇನು ಮಾಡೀತು?

ಆ ಜುಂಗಿನ ವಿಷಯವೂ ಸಣ್ಣದಲ್ಲ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಬೀಂದ್ರ ಮೆಹ್ತಾ ಕ್ರಿಕೆಟ್ ಚೆಂಡಿನ ಸ್ವಿಂಗನ್ನೂ ಟೆನಿಸ್ ಚೆಂಡಿನ ಹಾರಾಟವನ್ನೂ ಗಾಳಿ ಸುರಂಗದಲ್ಲಿಟ್ಟು ನೋಡಿದವರು. ಚೆಂಡಿನ ಆಕಾರವಷ್ಟೇ ಗಾಳಿಯನ್ನು ತಡೆಯುವುದಲ್ಲ, ಮೇಲೆದ್ದ ಒಂದೊಂದು ಎಳೆಯೂ ತನ್ನ ಪಾಲಿನ ತಡೆ ಸೇರಿಸುತ್ತದೆ. ದೊಡ್ಡ ಆಟಗಾರರು ಸರ್ವ್‌ಗೆ ಮುಂಚೆ ಮೂರು ನಾಲ್ಕು ಚೆಂಡು ತರಿಸಿಕೊಂಡು ತಿರುವಿ ತಿರುವಿ ನೋಡಿ ಒಂದನ್ನು ವಾಪಸು ಎಸೆಯುತ್ತಾರಲ್ಲ, ಅದು ನಂಬಿಕೆಯ ಚಾಳಿ ಮಾತ್ರವಲ್ಲ. ಜುಂಗು ಮಲಗಿದ ಚೆಂಡು ವೇಗವಾಗಿ ಹೋಗುತ್ತದೆ, ಮೊದಲ ಸರ್ವ್‌ಗೆ ಅದು. ಎದ್ದು ನಿಂತ ಜುಂಗಿನದು, ಮೊದಲನೆಯದು ತಪ್ಪಿದರೆ ಹೊಡೆಯುವ ಎರಡನೆಯದಕ್ಕೆ.

ಇನ್ನೊಂದು ಮಾತು, ಬಹಳ ಜನ ತಿರುಗಾಮುರುಗಾ ತಿಳಿದಿರುವುದು. ಸೆಕೆಗೆ ಗಾಳಿ ಭಾರವಾಗಿದೆ, ಅದಕ್ಕೇ ಕಡಲೂರುಗಳಲ್ಲಿ ಚೆಂಡು ಹೋಗುವುದಿಲ್ಲ ಅನ್ನುತ್ತಾರೆ. ನೀರಾವಿ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ನೀರಿನ ಕಣ ನೈಟ್ರೋಜನ್, ಆಕ್ಸಿಜನ್ ಕಣಗಳಿಗಿಂತ ಹಗುರವಾದ್ದರಿಂದ ಅದು ಹಾಗೆ. ಬಿಸಿಗೂ ಗಾಳಿ ತೆಳುವಾಗುತ್ತದೆ. ಮೂರು ಡಿಗ್ರಿ ಏರಿದರೆ ಸರಿಸುಮಾರು ನೂರಕ್ಕೆ ಒಂದು ಪಾಲು. ಆದ್ದರಿಂದ ಚೆನ್ನೈನ ಬಿಸಿಲು ನಮಗೂ ಅವರಿಗೂ ಇರುವ ಅಂತರವನ್ನು ಸ್ವಲ್ಪ ಕಡಿಮೆಯೇ ಮಾಡುತ್ತದೆ. ಭಾರವಾಗುವುದು ಗಾಳಿಯಲ್ಲ, ತೇವ ಕುಡಿದ ಫೆಲ್ಟು. ಅದನ್ನು ನೋಡಲು ಚೆನ್ನೈವರೆಗೆ ಹೋಗಬೇಕಿಲ್ಲ. ಮೇ ತಿಂಗಳ ಸಂಜೆ ಮಳೆ ನಿಂತ ಮೇಲೆ ಒದ್ದೆ ಕೋರ್ಟಿನಲ್ಲಿ ಹಟಕ್ಕೆ ಬಿದ್ದು ಆಡಿದರೆ ಮಾರನೆಯ ದಿನ ಮೊಣಕೈಯೇ ಹೇಳುತ್ತದೆ.

ಹಾರುವ ಚೆಂಡನ್ನು ಕೆಳಗಿಳಿಸಲು ಆಟಗಾರ ಕಂಡುಕೊಂಡ ದಾರಿ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ತಿರುಗುವಂತೆ ಹೊಡೆಯುವುದು. ಅದರ ಚರಿತ್ರೆಯಲ್ಲಿ ನನಗೆ ಇಷ್ಟವಾದ ಹೆಸರು ನ್ಯೂಟನ್‌ನದು. 1672ರಲ್ಲಿ ಬೆಳಕು ಮತ್ತು ಬಣ್ಣಗಳ ಬಗ್ಗೆ ಬರೆದ ಪತ್ರದಲ್ಲಿ, ಗಾಜಿನ ಪಟ್ಟಕದಿಂದ ಹೊರಬಿದ್ದ ಕಿರಣ ಬಾಗಿ ಹೋಗುತ್ತದೆಯೇ ಅಂತ ಯೋಚಿಸುತ್ತಾ, ಓರೆಯಾಗಿ ಹಿಡಿದ ರಾಕೆಟ್ಟಿನಿಂದ ಹೊಡೆದ ಟೆನಿಸ್ ಚೆಂಡು ಹೀಗೆ ಬಾಗಿ ಹೋಗುವುದನ್ನು ಅನೇಕ ಸಲ ನೋಡಿದ್ದೇನೆ ಅಂತ ನೆನಪಿಸಿಕೊಳ್ಳುತ್ತಾನೆ. ಅವನು ನೋಡಿದ್ದು ಗೋಡೆಗಳ ನಡುವೆ ಆಡುವ ಹಳೆಯ ಟೆನಿಸ್, ನಮ್ಮ ಲಾನ್ ಟೆನಿಸ್ ಬರಲು ಇನ್ನೂ ಇನ್ನೂರು ವರ್ಷ ಇತ್ತು. ಬೆಳಕಿನ ಲೆಕ್ಕದ ನಡುವೆ ಕೋರ್ಟಿನ ನೆನಪು ನುಗ್ಗಿತಲ್ಲ, ಆ ಮನುಷ್ಯನ ಮೇಲೆ ಅಕ್ಕರೆ ಬರುವುದು ಅಲ್ಲಿ. 1850ರ ದಶಕದಲ್ಲಿ ಜರ್ಮನಿಯ ಮ್ಯಾಗ್ನಸ್ ತಿರುಗುವ ಸಿಲಿಂಡರುಗಳ ಮೇಲೆ ಪ್ರಯೋಗ ಮಾಡಿದ, ಆ ಪರಿಣಾಮಕ್ಕೆ ಅವನ ಹೆಸರು ನಿಂತಿತು. 1877ರಲ್ಲಿ ಲಾರ್ಡ್ ರೇಲಿ ಟೆನಿಸ್ ಚೆಂಡಿನ ಅಡ್ಡಾದಿಡ್ಡಿ ಹಾರಾಟದ ಮೇಲೇ ಒಂದು ಪ್ರಬಂಧ ಬರೆದ. ಮೊದಲ ವಿಂಬಲ್ಡನ್ ನಡೆದದ್ದೂ ಅದೇ ವರ್ಷ.

ನಡೆಯುವುದು ಇಷ್ಟು. ಮೇಲ್ಮೈ ಮುಂದಕ್ಕೆ ಉರುಳುವಂತೆ ತಿರುಗುತ್ತಿರುವ ಚೆಂಡು ತನ್ನನ್ನು ಸವರಿಕೊಂಡು ಹೋಗುವ ಗಾಳಿಯನ್ನು ಹಿಂಬದಿಯಲ್ಲಿ ಮೇಲಕ್ಕೆ ತಿರುಗಿಸಿ ಬಿಡುತ್ತದೆ. ಗಾಳಿಯನ್ನು ಮೇಲಕ್ಕೆ ತಳ್ಳಿದ್ದಕ್ಕೆ ಪ್ರತಿಯಾಗಿ ತಾನು ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ನಡಾಲ್ ಫೋರ್‌ಹ್ಯಾಂಡಿನಲ್ಲಿ ಚೆಂಡು ನಿಮಿಷಕ್ಕೆ ಸರಾಸರಿ 3200 ಸುತ್ತು ತಿರುಗುವುದನ್ನು ಅಳೆದಿದ್ದಾರೆ. ನೆಟ್ಟಿನ ಮೇಲೆ ಆಳೆತ್ತರದಲ್ಲಿ ದಾಟಿದ ಚೆಂಡು ಇದ್ದಕ್ಕಿದ್ದಂತೆ ಮುಗ್ಗರಿಸಿ ಬೇಸ್‌ಲೈನಿನ ಒಳಗೆ ಬಿದ್ದು ಭುಜದೆತ್ತರಕ್ಕೆ ಜಿಗಿಯುವುದು ಅದರಿಂದ. ಈಗ ಬೆಂಗಳೂರಿನ ತೊಡಕು ನೋಡಿ: ಕೆಳಕ್ಕೆ ತಳ್ಳುವುದೂ ಅದೇ ಗಾಳಿ. ಅದು ತೆಳುವಾದರೆ ಚೆಂಡಿನ ವೇಗಕ್ಕೆ ತಡೆ ಕಡಿಮೆ, ಸ್ಪಿನ್ನಿಗೆ ಹಿಡಿತವೂ ಕಡಿಮೆ. ಹಾರುವ ರೋಗವೂ ಜಾಸ್ತಿ, ಮದ್ದಿನ ಕಸುವೂ ಕಮ್ಮಿ.

ಇಷ್ಟೆಲ್ಲ ಆಗುವುದು ಚೆಂಡು ರಾಕೆಟ್ ಬಿಟ್ಟ ಮೇಲೆ. ರಾಕೆಟ್ ಮೇಲೆ ಅದು ಇರುವುದು ಸೆಕೆಂಡಿನ ಸಾವಿರದ ನಾಲ್ಕೈದು ಭಾಗ ಮಾತ್ರ. ಜೋರಾಗಿ ಬೀಸಿದ ರಾಕೆಟ್ ಅಷ್ಟರಲ್ಲಿ ಚಲಿಸುವುದು ಸುಮಾರು ಅರ್ಧ ಅಡಿ. ಏಟು ಬಿದ್ದ ಸುದ್ದಿ ಬೆರಳಿನಿಂದ ಮಿದುಳಿಗೆ ಮುಟ್ಟುವ ಹೊತ್ತಿಗೆ ಚೆಂಡು ಎಂದೋ ಹೊರಟುಹೋಗಿದೆ. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ 23.77 ಮೀಟರ್ ಉದ್ದದ ಕೋರ್ಟಿನ ಆ ತುದಿಯಲ್ಲಿ ಅದು ನಲವತ್ತು ಸೆಂಟಿಮೀಟರ್ ಪಕ್ಕಕ್ಕೆ. "ಆಗ ನಾನು ಮಣಿಕಟ್ಟು ತಿರುಗಿಸಿದೆ, ಅದಕ್ಕೇ ಒಳಗೆ ಬಿತ್ತು" ಅಂತ ಚಹಾ ಕುಡಿಯುವಾಗ ಯಾರಾದರೂ ಹೇಳಿದರೆ ನಾನು ತಲೆಯಾಡಿಸುತ್ತೇನೆ. ಆಟ ಮುಗಿದ ಮೇಲೆ ಅಷ್ಟು ಸುಳ್ಳಿಗೆ ಅವಕಾಶ ಇರಬೇಕು.

ಹಾಗಾದರೆ ಕೋಚುಗಳು "ಫಾಲೋ ಥ್ರೂ ಮುಗಿಸು, ಫಾಲೋ ಥ್ರೂ ಮುಗಿಸು" ಅಂತ ಕಿರುಚುವುದು ಯಾಕೆ? ಹೊಡೆದ ಮೇಲೆ ರಾಕೆಟ್ ಎಲ್ಲಿ ಹೋದರೆ ಚೆಂಡಿಗೇನು? ಚೆಂಡಿಗೆ ಏನೂ ಇಲ್ಲ, ನಿಜ. ಆದರೆ ಏಟಿನ ನಂತರ ತಕ್ಷಣ ನಿಲ್ಲಬೇಕಾದ ತೋಳು ಏಟಿಗೆ ಮುಂಚೆಯೇ ವೇಗ ಇಳಿಸಲು ಶುರುಮಾಡುತ್ತದೆ. ಭುಜದ ಮೇಲೆ ಹೋಗಿ ಮುಗಿಯಬೇಕಾದ ತೋಳು ಚೆಂಡಿನ ಹತ್ತಿರ ಹಿಂಜರಿಯುವುದಿಲ್ಲ. ಕೋಚು ಹೇಳುವ ಕಾರಣ ತಪ್ಪಿರಬಹುದು, ಹೇಳುವ ಕೆಲಸ ಸರಿ. ಹಿಡಿಯನ್ನು ಬಿಗಿಯಾಗಿ ಹಿಡಿದರೆ ಹೊಡೆತಕ್ಕೆ ಕಸುವು ಅನ್ನುವ ಮಾತಿಗೆ ಮಾತ್ರ ಇಂಥ ರಿಯಾಯಿತಿ ಕೊಡಲಾರೆ. ನಟ್ಟನಡುವೆ ಬಿದ್ದ ಚೆಂಡು, ಏಟಿನ ಅದುರು ಹಿಡಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೋವರ್ಡ್ ಬ್ರೋಡಿ, ಸಿಡ್ನಿಯ ರಾಡ್ ಕ್ರಾಸ್ ಇಂಥ ಮಾತುಗಳನ್ನೆಲ್ಲ ಕುಳಿತು ಅಳೆದರು. ಸ್ವೀಟ್ ಸ್ಪಾಟ್ ಅನ್ನುವುದು ಒಂದಲ್ಲ ಮೂರು, ರಾಕೆಟ್ ಅದುರದ ಜಾಗ ಒಂದು, ಕೈಗೆ ಧಕ್ಕೆ ಮುಟ್ಟದ ಜಾಗ ಇನ್ನೊಂದು, ಚೆಂಡು ಹೆಚ್ಚು ಚಿಮ್ಮುವ ಜಾಗ ಮತ್ತೊಂದು ಅಂತ ಬಿಡಿಸಿ ಹೇಳಿದವರಲ್ಲಿ ಬ್ರೋಡಿ ಮೊದಲಿಗ. ತಂತಿಯ ನಡುವೆ ಸಿಕ್ಕಿಸುವ ಆ ರಬ್ಬರಿನ ಡ್ಯಾಂಪರ್ ತಂತಿಯ ಠಣ್ ಸದ್ದನ್ನು ಠಪ್ ಮಾಡುತ್ತದೆ ಅಷ್ಟೆ. ಮೊಣಕೈಗೆ ಮುಟ್ಟುವ ಫ್ರೇಮಿನ ಅದುರಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನಾನು ಹಾಕಿಕೊಳ್ಳುತ್ತೇನೆ, ಸದ್ದು ಚೆನ್ನಾಗಿರುತ್ತೆ.

ಗಟ್ಟಿಂಗ್ ಕತೆ ಇನ್ನೂ ಸೊಗಸು. ಹೆಚ್ಚು ಪೌಂಡಿಗೆ ಬಿಗಿ ಮಾಡಿಸಿದರೆ ಹೊಡೆತಕ್ಕೆ ಪವರ್ ಬರುತ್ತದೆ ಅಂತ ಕ್ಲಬ್ಬಿನಲ್ಲಿ ಅರ್ಧ ಜನ ನಂಬಿದ್ದಾರೆ. ಆಗುವುದು ಉಲ್ಟಾ. ತಂತಿ ತಾನು ಹೀರಿದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ವಾಪಸು ಕೊಡುತ್ತದೆ, ಚೆಂಡು ಕೊಡುವುದು ಅರ್ಧದ ಆಸುಪಾಸು. ತಂತಿ ಸಡಿಲವಿದ್ದರೆ ತಂತಿ ಬಗ್ಗುತ್ತದೆ. ಬಿಗಿ ಇದ್ದರೆ ಚೆಂಡು ಚಪ್ಪಟೆಯಾಗುತ್ತದೆ, ಶಕ್ತಿ ರಬ್ಬರಿನೊಳಗೆ ಬಿಸಿಯಾಗಿ ಹೋಗುತ್ತದೆ. ಚೆಂಡನ್ನು ಎಷ್ಟು ಜೋರಾಗಿ ಅಪ್ಪಳಿಸುತ್ತೀರೋ ಅದು ಹಿಂದಿರುಗಿಸುವ ಪಾಲು ಅಷ್ಟು ಕಡಿಮೆ. ಈ ಮಾತು ಬರೆಯುವಾಗ ಸರ್ ಸಿ. ವಿ. ರಾಮನ್ ನೆನಪಾಗುತ್ತಾರೆ. ಬೆಂಗಳೂರಿಗೆ ಬರುವುದಕ್ಕೂ ಬಹಳ ಮುಂಚೆ, ಕಲ್ಕತ್ತದಲ್ಲಿದ್ದಾಗ, 1918ರಲ್ಲಿ ಗೋಲಿಗಳ ಡಿಕ್ಕಿಯನ್ನು ಫೋಟೋ ತೆಗೆದು ಅಳೆದು ಅವರು ಪ್ರಕಟಿಸಿದ್ದರು: ಡಿಕ್ಕಿ ಮೆಲ್ಲಗಾದಷ್ಟೂ ಗೋಲಿ ಪೂರ್ತಿ ವೇಗಕ್ಕೆ ಹತ್ತಿರವಾಗಿ ಮರಳುತ್ತದೆ ಅಂತ. ಟೆನಿಸ್ಸಿಗೆ ಅಂತ ಮಾಡಿದ ಕೆಲಸವಲ್ಲ ಅದು. ಆದರೆ ರಾಮನ್ ಸಂಶೋಧನಾ ಸಂಸ್ಥೆಯ ಹೆಸರು ಕೇಳಿದೊಡನೆ ಬರೀ ಬೆಳಕಿನ ಚದರುವಿಕೆ ನೆನೆಯುವ ನಮಗೆ, ಮೇಷ್ಟ್ರು ಗೋಲಿಯಾಟವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದ್ದರು ಅನ್ನುವುದು ಗೊತ್ತಿರಲಿ.

ಇದರ ನಡುವೆ ಒಂದು ಆಟ. ರಾಕೆಟ್ಟಿನ ಹಿಡಿ ಹಿಡಿದು, ತಂತಿಯ ಮುಖ ಆಕಾಶಕ್ಕಿರುವಂತೆ ಇಟ್ಟು, ದೋಸೆ ಮಗುಚಿದ ಹಾಗೆ ಒಂದು ಸುತ್ತು ಗಾಳಿಯಲ್ಲಿ ತಿರುಗಿಸಿ ಹಿಡಿಯನ್ನೇ ಮತ್ತೆ ಹಿಡಿಯಿರಿ. ಮೇಲಿದ್ದ ಮುಖ ಈಗ ಕೆಳಗಿರುತ್ತದೆ. ನೀವು ಅಡ್ಡಕ್ಕೆ ತಿರುಗಿಸಿಲ್ಲ, ರಾಕೆಟ್ ತಾನೇ ಹೊರಳಿದೆ. ಮೂರು ಅಕ್ಷಗಳಲ್ಲಿ, ತಿರುಗಿಸಲು ತೀರ ಸುಲಭವೂ ಅಲ್ಲದ ತೀರ ಕಷ್ಟವೂ ಅಲ್ಲದ ನಡುವಿನದರ ಸುತ್ತ ಇಂಥ ವಸ್ತು ನೆಟ್ಟಗೆ ತಿರುಗಲಾರದು ಅನ್ನುವ ಈ ಸಂಗತಿಗೆ ಟೆನಿಸ್ ರಾಕೆಟ್ ಪ್ರಮೇಯ ಅಂತಲೇ ಹೆಸರಿದೆ. 1985ರಲ್ಲಿ ಸೋವಿಯತ್ ಗಗನಯಾತ್ರಿ ಜಾನಿಬೆಕೊವ್ ಬಾಹ್ಯಾಕಾಶದಲ್ಲಿ ಒಂದು ನಟ್ಟು ಹೀಗೇ ಪಲ್ಟಿ ಹೊಡೆಯುತ್ತಾ ತೇಲುವುದನ್ನು ಕಂಡು ಬೆರಗಾದ. ನಮ್ಮ ಕೋರ್ಟಿನಲ್ಲಿ ಮಳೆ ನಿಲ್ಲಲಿ ಅಂತ ಕಾಯುವ ಹುಡುಗರು ದಿನಾ ಮಾಡುತ್ತಿರುತ್ತಾರೆ.

ಸರ್ವ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನೆಟ್ಟಿನ ನಡುಮಟ್ಟ 91.4 ಸೆಂಟಿಮೀಟರ್, ಅದರಾಚೆ ಸರ್ವಿಸ್ ಲೈನ್ 6.40 ಮೀಟರ್. ಭೂಮಿಯ ಎಳೆತವೇ ಇಲ್ಲದೆ ಚೆಂಡು ಗೆರೆ ಎಳೆದಂತೆ ನೇರ ಹೋಗುವುದಾದರೆ, ನೆಟ್ ದಾಟಿಯೂ ಗೆರೆಯ ಒಳಗೆ ಬೀಳಲು ಅದನ್ನು ಕನಿಷ್ಠ 2.6 ಮೀಟರ್ ಎತ್ತರದಲ್ಲಿ ಹೊಡೆಯಬೇಕು. ಐದೂವರೆ ಅಡಿಯ ಮನುಷ್ಯ ಕೈ ಎತ್ತಿ ರಾಕೆಟ್ ಚಾಚಿದರೆ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಅಂದರೆ ನಮ್ಮ ಸರ್ವ್ ಒಳಗೆ ಬೀಳುವುದು ಭೂಮಿಯ ಎಳೆತ ಮತ್ತು ಸ್ಪಿನ್‌ನ ಕೃಪೆಯಿಂದ, ನಿಧಾನವಾದಷ್ಟೂ ಕೃಪೆ ಹೆಚ್ಚು. ಆರಡಿ ಮೀರಿದವರಿಗೆ ಇನ್ನೊಂದು ಗೇಣು ಎತ್ತರ ಸಿಕ್ಕಿ ಕಿಟಕಿ ದೊಡ್ಡದಾಗುತ್ತದೆ. ಕೊಡಗಿನ ರೋಹನ್ ಬೋಪಣ್ಣ 43ರ ವಯಸ್ಸಿನಲ್ಲಿ, 2024ರಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಎಲ್ಲರೂ ಛಲದ ಬಗ್ಗೆ ಬರೆದರು. ಛಲ ಇತ್ತು, ಸರಿ. ಮಂಡಿಯ ಮೃದ್ವಸ್ಥಿ ಸವೆದುಹೋಗಿದೆ ಅಂತ ಅವರೇ ಹೇಳಿಕೊಂಡಿದ್ದರು. ಆದರೆ ಸರ್ವ್ ಹೊಡೆಯುವ ಎತ್ತರ ಮಂಡಿಯಂತೆ ಸವೆಯುವುದಿಲ್ಲ ಅನ್ನುವುದೂ ಆ ಲೆಕ್ಕದಲ್ಲಿ ಇದೆ.

ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆ ಕೆಎಸ್ಎಲ್‌ಟಿಎ ಅಂಗಳದ ಗಟ್ಟಿ ಕೋರ್ಟುಗಳಲ್ಲಿ ಬೆಂಗಳೂರು ಓಪನ್ ನಡೆಯುವಾಗ ಹೋಗಿ ಕುಳಿತರೆ ಈ ಊರಿನ ಗಾಳಿಯ ಆಟ ಬರಿಗಣ್ಣಿಗೆ ಕಾಣುತ್ತದೆ. ಹೊರಗಿನಿಂದ ಬಂದವರು ಮೊದಲ ಸುತ್ತಿನಲ್ಲಿ ಬೇಸ್‌ಲೈನಿನಾಚೆ ಸುರಿಯುತ್ತಾರೆ, ಉಳಿದುಕೊಂಡವರು ವಾರಾಂತ್ಯಕ್ಕೆ ಬೇರೆಯೇ ಆಟಗಾರರು. 2018ರಲ್ಲಿ ಇಲ್ಲಿ ಗೆದ್ದದ್ದು ಕಡಲೂರಿನವರೇ, ಚೆನ್ನೈನ ಎಡಗೈ ಆಟಗಾರ ಪ್ರಜ್ಞೇಶ್ ಗುಣೇಶ್ವರನ್. ಹೊಂದಿಕೊಂಡವರಿಗೆ ತೆಳು ಗಾಳಿ ಆಯುಧವೂ ಹೌದು.

ನಾವು ಆಡುವುದು ಮಣ್ಣಿನ ಕೋರ್ಟಿನಲ್ಲಿ. ಬೆಳಿಗ್ಗೆ ಮಾರ್ಕರ್ ನೀರು ಹಾಕಿ, ರೋಲರ್ ಎಳೆದು, ಗೆರೆ ಗುಡಿಸಿ ಇಟ್ಟಿರುತ್ತಾನೆ. ಮೊದಲ ಹೊಡೆತ ಬಿದ್ದ ಜಾಗದಲ್ಲಿ ಬಗ್ಗಿ ನೋಡಿದರೆ ಒಂದು ಮೊಟ್ಟೆಯಾಕಾರದ ಗುರುತು, ಚೆಂಡು ಹೋದ ದಿಕ್ಕಿಗೆ ಉದ್ದವಾಗಿ, ಮುಂದಿನ ತುದಿಯಲ್ಲಿ ತಳ್ಳಿಕೊಂಡ ಕೆಂಪು ಮಣ್ಣಿನ ಸಣ್ಣ ಏರಿ. ಆ ಏರಿಯಲ್ಲೇ ಮಣ್ಣಿನ ಕೋರ್ಟಿನ ಗುಟ್ಟು ಇದೆ. ಜಾರುವ ಚೆಂಡನ್ನು ಮಣ್ಣು ಹೆಚ್ಚು ಉಜ್ಜಿ ವೇಗ ತಿನ್ನುತ್ತದೆ, ಮುಂದೆ ಗುಡ್ಡೆಯಾದ ಪುಡಿ ಅದನ್ನು ಮೇಲಕ್ಕೆ ಎತ್ತಿ ಕಳಿಸುತ್ತದೆ. ತೆಳು ಗಾಳಿ ಕೊಟ್ಟ ವೇಗದಲ್ಲಿ ಒಂದಷ್ಟನ್ನು ನೆಲ ಹೀಗೆ ವಾಪಸು ತೆಗೆದುಕೊಳ್ಳುತ್ತದೆ. "ಜೋರಾಗ್ ಹೊಡೀಬೇಡಿ ಸಾರ್, ಮಣ್ಣು ತಿಂದ್ಬಿಡುತ್ತೆ. ಎತ್ತರಕ್ಕೆ ಹೊಡೀರಿ" ಅನ್ನುತ್ತಾನೆ ನಮ್ಮ ಮಾರ್ಕರ್. ಘರ್ಷಣೆಯ ಗುಣಾಂಕ ಅವನಿಗೆ ಬೇಕಿಲ್ಲ.

ನಮ್ಮ ಗುಂಪಿನ ನಿತ್ಯದ ಜಗಳ ಇರುವುದು ಚೆಂಡಿನ ವಿಷಯದಲ್ಲಿ. ಇಪ್ಪತ್ತು ಸಾವಿರದ ರಾಕೆಟ್ ಕೊಂಡವರು ಮೂರು ಚೆಂಡಿನ ಕ್ಯಾನ್ ಒಡೆಯಲು ಕೈ ಬಿಗಿಹಿಡಿಯುತ್ತಾರೆ. ಹೊಸ ಚೆಂಡಿನೊಳಗೆ ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡ ತುಂಬಿರುತ್ತದೆ. ಕ್ಯಾನ್ ತೆರೆದಾಗ ಬುಸ್ ಅನ್ನುವುದು ಆ ಒತ್ತಡ ಸೋರದಂತೆ ಡಬ್ಬಿಯೊಳಗೂ ತುಂಬಿಟ್ಟ ಗಾಳಿ. ತೆರೆದ ಮೇಲೆ ರಬ್ಬರಿನ ಮೂಲಕವೇ ಅದು ಸೋರುತ್ತಾ ಹೋಗುತ್ತದೆ, ಆಡಿದರೂ ಆಡದಿದ್ದರೂ. ಪರೀಕ್ಷೆಗೆ ನಿಯಮವಿದೆ: 254 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬಿಟ್ಟರೆ 135ರಿಂದ 147ರಷ್ಟು ಪುಟಿಯಬೇಕು. ಅಷ್ಟು ಎತ್ತರಕ್ಕೆ ಏಣಿ ಬೇಕು, ಆದ್ದರಿಂದ ನಾನು ಸಿಮೆಂಟಿನ ನೆಲದ ಮೇಲೆ ಆರಡಿಯಿಂದ ಬಿಡುತ್ತೇನೆ. ನೆಟ್ಟಿನ ನಡುಮಟ್ಟಕ್ಕಿಂತ, ಅಂದರೆ ಮೂರಡಿಗಿಂತ, ಸ್ವಲ್ಪವಾದರೂ ಮೇಲೆ ಬರದಿದ್ದರೆ ಅದು ಗಲ್ಲಿ ಕ್ರಿಕೆಟ್ಟಿಗೆ ಹೋಗಬೇಕಾದ ಚೆಂಡು.

ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಚೀಲದ ಚೆಂಡುಗಳು ಮೊಣಕಾಲಿಗಿಂತ ಮೇಲೆ ಬರುವುದೇ ಅಪರೂಪ, ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುತ್ತವೆ. ಈ ಪರೀಕ್ಷೆ ತೋರಿಸಿದಾಗ ಅವರು ಅಲುಗಲಿಲ್ಲ.

"ನೋಡಿ, ನೀವು ಹೊಸ ಕ್ಯಾನ್ ಒಡೆದ ದಿನ ನಿಮ್ಮದೆಲ್ಲ ಔಟು. ನನ್ನ ಬಾಲಲ್ಲಿ ಆಡಿದ ದಿನ ಎಲ್ಲಾ ಒಳಗೆ. ಯಾವುದು ಒಳ್ಳೇ ಬಾಲು, ನೀವೇ ಹೇಳಿ."

ಎದುರು ಮಾತಾಡುವುದು ಕಷ್ಟ, ಯಾಕೆಂದರೆ ನಿಯಮ ಪುಸ್ತಕ ಅರ್ಧ ಅವರ ಪರ ಇದೆ. 1219 ಮೀಟರಿಗಿಂತ ಎತ್ತರದ ಊರುಗಳಿಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಬೇರೆಯೇ ಚೆಂಡು ಗೊತ್ತುಮಾಡಿದೆ. ಅದರಲ್ಲೊಂದು ಬಗೆ ಅದೇ ಪರೀಕ್ಷೆಯಲ್ಲಿ 122ರಿಂದ 135 ಸೆಂಟಿಮೀಟರ್ ಮಾತ್ರ ಪುಟಿಯಬೇಕು, ಅಂದರೆ ಬೇಕೆಂದೇ ಕಸುವು ತಗ್ಗಿಸಿದ ಚೆಂಡು. ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆಯಾಗಿ ಮಾಮೂಲಿ ಚೆಂಡು ಇನ್ನಷ್ಟು ಉಬ್ಬಿ ಪುಟಿಯುತ್ತದೆ ಅನ್ನುವುದಕ್ಕೆ ಈ ಏರ್ಪಾಡು. ಬೆಂಗಳೂರು ಆ ಗೆರೆಗೆ ಮುನ್ನೂರು ಮೀಟರ್ ಕೆಳಗೆ ನಿಂತಿದೆ. ಪುಸ್ತಕದ ಪ್ರಕಾರ ನಾವೂ ಚೆನ್ನೈಯವರೂ ಒಂದೇ. ಗಾಳಿಯ ಪ್ರಕಾರ ಅಲ್ಲ.

ಇದನ್ನು ಅವರಿಗೆ ಹೇಳಿದೆ. ಜೊತೆಗೆ, ನಿಮ್ಮ ಚೆಂಡಿನಲ್ಲಿ ಒಳಗಿನ ಒತ್ತಡ ಹೋಗಿ ಪುಟಿತ ಇಳಿದಿರುವುದು ಸರಿ, ಆದರೆ ಮೇಲಿನ ಜುಂಗೂ ಉದುರಿ ಬೋಳಾಗಿದೆ, ಬೋಳು ಚೆಂಡಿಗೆ ಗಾಳಿಯ ತಡೆ ಕಡಿಮೆ, ಆ ಲೆಕ್ಕದಲ್ಲಿ ಅದು ಹೆಚ್ಚು ಹಾರಬೇಕು ಸಾರ್, ಅಂತಲೂ ಸೇರಿಸಿದೆ.

"ಒಳಗೆ ಗಾಳಿ ಹೋಗಿರೋದಕ್ಕೆ ಕಮ್ಮಿ ಹೋಗುತ್ತೆ, ಮೇಲೆ ಕೂದಲು ಹೋಗಿರೋದಕ್ಕೆ ಜಾಸ್ತಿ ಹೋಗುತ್ತೆ" ಅಂದರು, ಚೆಂಡನ್ನು ಪ್ಯಾಂಟಿಗೆ ಒರೆಸುತ್ತಾ. "ಅದಕ್ಕೂ ಇದಕ್ಕೂ ವಜಾ ಆಯ್ತಲ್ಲ, ಇನ್ನು ಹೊಸದು ಯಾಕ್ರೀ? ನಡೀರಿ, ಸರ್ವ್ ನಂದು."